ಕಣ್ಣು ಎತ್ತ, ಗಾಲಿ ಅತ್ತ

*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ಸಮ್ಮಾ ಸತಿಯ ಬಗ್ಗೆ ಓದುತ್ತಿದ್ದಾಗ ಒಬ್ಬ ತಂಗಿ ಕೇಳಿದಳು: "ಸತಿ ಅಂದ್ರ ಕಣ್ಣ ಮುಚ್ಚಿ ಕೂಡೋದಷ್ಟೇ ಏನ್ರಿ? ಅವಮಾನ ಆದಾಗ ಅದು ಏನ್ ಕೆಲಸಕ್ಕ ಬರ್ತದ?" ಆ ದಿನ ನಾನು ಪುಸ್ತಕದಲ್ಲಿದ್ದ ಉತ್ತರ ಕೊಟ್ಟೆ. ಆದರೆ ಆ ಪ್ರಶ್ನೆಗೆ ನನ್ನ ಬಾಳಿನಲ್ಲಿ ಉತ್ತರ ಸಿಕ್ಕಿದ್ದು ಪುಸ್ತಕದಿಂದ ಅಲ್ಲ, ಮೋಟಾರ್ ಸೈಕಲ್ಲಿನಿಂದ ಬಿದ್ದು ಎದ್ದಾಗ. ಅದನ್ನು ಇವತ್ತು ಹೇಳುತ್ತೇನೆ. ಸ್ವಲ್ಪ ನಾಚಿಕೆಯ ಸಂಗತಿಯೂ ಇದರಲ್ಲಿದೆ. ಬಳಗದ ಮುಂದೆ ಮುಚ್ಚಿಡುವುದೇನು?

ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಹತ್ತಿರ ಒಂದು ಹಳೆಯ ಸೈಕಲ್ ಇತ್ತು. ಊರ ಗೌಡರ ಮನೆಯ ಕಟ್ಟೆ ಬಂದ ಕೂಡಲೇ ಅಪ್ಪ ಸೈಕಲ್ಲಿನಿಂದ ಇಳಿಯುತ್ತಿದ್ದ. ಕಟ್ಟೆ ದಾಟುವ ತನಕ ತಳ್ಳಿಕೊಂಡು ನಡೆದು, ಆಮೇಲೆ ಮತ್ತೆ ಹತ್ತುತ್ತಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಕೂತ ನನ್ನನ್ನೂ ಇಳಿಸುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಓದಿದೆ, ಶಿಕ್ಷಕನಾದೆ, ಧಮ್ಮಕ್ಕೆ ಬಂದೆ. ಆದರೆ ಆ ಕಟ್ಟೆ ನನ್ನ ಎದೆಯಲ್ಲಿ ಹಾಗೇ ಉಳಿಯಿತು. ಕಳೆದ ವರ್ಷ ಸಾಲ ಮಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೊಂಡೆ. ತೂಕ 196 ಕಿಲೋ, ಅಂದರೆ ಹತ್ತಿರ ಹತ್ತಿರ ಎರಡು ಚೀಲ ಜೋಳದ ಭಾರ. ಮುಂದಿನ ಗಾಲಿಯೇ 21 ಇಂಚು. ಕಲ್ಲು, ಮಣ್ಣು, ಹಳ್ಳ ಎಲ್ಲ ದಾಟಲಿಕ್ಕೆ ಮಾಡಿದ ಗಾಡಿ. "ಬೆಟ್ಟ ನೋಡಲು ತಗೊಂಡೆ" ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಆ ಓಣಿಗಾಗಿಯೇ ಕೊಂಡಿದ್ದೆ.

ಭೀಮ ಜಯಂತಿಯ ಮರುದಿನ ಊರಿಗೆ ಹೋದೆ. ಕಟ್ಟೆಯ ಮುಂದೆ ಬಂದಾಗ ವೇಗ ತಗ್ಗಿಸಿ, ಬೇಕೆಂದೇ ಜೋರಾಗಿ ರೇಸ್ ಕೊಟ್ಟೆ. ಕಟ್ಟೆಯ ಮೇಲೆ ಯಾರು ಕೂತಿದ್ದಾರೆ, ಅವರ ಮುಖ ಹೇಗಾಯಿತು ಎಂದು ನೋಡುತ್ತಾ ಹೊರಟೆ. ಗಟಾರ ಕೆಲಸಕ್ಕೆ ತಂದು ಸುರಿದಿದ್ದ ಜಲ್ಲಿ ಕಾಣಲೇ ಇಲ್ಲ. ಮುಂದಿನ ಗಾಲಿ ಜಾರಿತು. ಗಾಡಿ ಸೀದಾ ಆ ಕಟ್ಟೆಯ ಬುಡಕ್ಕೇ ಹೋಗಿ ಬಿತ್ತು. ನನ್ನ ಕಾಲು ಅದರ ಕೆಳಗೆ ಸಿಕ್ಕಿಕೊಂಡಿತು.

ಓಡಿ ಬಂದು ಗಾಡಿ ಎತ್ತಿದವರು ಅದೇ ಮನೆಯ ಇಬ್ಬರು ಹುಡುಗರು. "ಪೆಟ್ಟಾತೇನ್ರಿ ಅಣ್ಣಾ?" ಎಂದು ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಆ ರಾತ್ರಿ ಅಪ್ಪ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಾ ಒಂದೇ ಮಾತು ಕೇಳಿದ: "ತಮ್ಮಾ, ಈ ಗಾಡಿ ನನ್ನ ಸಲುವಾಗಿ ತಗೊಂಡೀಯೋ, ಅವರ ಸಲುವಾಗಿ ತಗೊಂಡೀಯೋ?"

ಬಂಧುಗಳೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಗಾಡಿಯನ್ನಾದರೂ ಸರಿಯಾಗಿ ಕಲಿಯೋಣ ಎಂದು, ಇಂಥ ಗಾಡಿ ಓಡಿಸುವುದರಲ್ಲಿ ಪಳಗಿದ ಗೆಳೆಯನ ಮಗನ ಹತ್ತಿರ ಹೋದೆ. ಅವನು ನನ್ನನ್ನು ಶಹಾಬಾದ್ ಕಡೆಯ ಒಂದು ಹಳೆಯ ಫರ್ಸಿ ಗಣಿಗೆ ಕರೆದುಕೊಂಡು ಹೋದ. ಕಲ್ಲು ತೆಗೆದು ಬಿಟ್ಟ ಗುಂಡಿ, ಸಡಿಲ ಚೂರುಗಳ ಇಳಿಜಾರು, ಅಲ್ಲಲ್ಲಿ ಎರೆಮಣ್ಣು. ಮೊದಲ ದಿನ ಪೂರ್ತಿ ಮನುಷ್ಯ ನಡೆಯುವ ವೇಗದಲ್ಲೇ ಓಡಿಸಿದ. ಎರಡು ಬೆರಳಿನಿಂದ ಕ್ಲಚ್ ಅರ್ಧ ಹಿಡಿದು, ಮೊದಲ ಗೇರಿನಲ್ಲಿ, ಪಾದಾನಿಯ ಮೇಲೆ ಎದ್ದು ನಿಂತು. ಮೊಣಕಾಲು ಟ್ಯಾಂಕಿಗೆ ಮೆಲ್ಲಗೆ ತಾಗಿರಬೇಕು, ಮೊಣಕೈ ಹೊರಗೆ ಬಾಗಿರಬೇಕು. ಹಾಗೆ ನಿಂತರೆ ಕೆಳಗೆ ಗಾಡಿ ಎಷ್ಟು ಕುಣಿದರೂ ಮೇಲೆ ನಾವು ಕುಣಿಯಬೇಕಾಗಿಲ್ಲ.

ಎರಡನೆಯ ದಿನ ಇಳಿಜಾರು. ದಾರಿ ಅಗಲವಾಗಿಯೇ ಇತ್ತು. ನಡುವೆ ಒಂದೇ ಒಂದು ಕಲ್ಲು. ಮೂರು ಸಲ ಇಳಿದೆ, ಮೂರು ಸಲವೂ ಅದೇ ಕಲ್ಲಿಗೆ ಹೋಗಿ ಗುದ್ದಿದೆ. ಹುಡುಗ ನಕ್ಕು ಹೇಳಿದ: "ಕಾಕಾ, ಕಲ್ಲ ನೋಡಬ್ಯಾಡ್ರಿ. ಕಲ್ಲ ನೋಡಿದ್ರ ಗಾಡಿ ಕಲ್ಲಿಗೇ ಹೋಗ್ತದ. ಹೋಗಬೇಕಾದ ಕಡಿ ನೋಡ್ರಿ."

"ನೋಡದಿದ್ರ ಕಲ್ಲ ಅಲ್ಲದ ಅಂತ ಗೊತ್ತಾಗೋದು ಹ್ಯಾಂಗೋ?" ಎಂದೆ.

"ಒಮ್ಮೆ ನೋಡ್ರಿ, ಎಲ್ಲದ ಅಂತ ತಿಳ್ಕೋರಿ, ಕಣ್ಣ ತಗೀರಿ. ಅದು ಅಲ್ಲೇ ಇರ್ತದ, ಎಲ್ಲಿಗೂ ಹೋಗಂಗಿಲ್ಲ."

ಇದರಲ್ಲಿ ಯಾವ ಪವಾಡವೂ ಇಲ್ಲ. ಕಣ್ಣು ಹೋದ ಕಡೆ ತಲೆ ತಿರುಗುತ್ತದೆ, ತಲೆಯ ಹಿಂದೆ ಹೆಗಲು, ಹೆಗಲಿನ ಹಿಂದೆ ಕೈ. ಕೈ ತಿರುಗಿದ ಕಡೆ ಗಾಲಿ. ಭಯವಿರಲಿ ಸಿಟ್ಟಿರಲಿ, ಅದು ಕಣ್ಣನ್ನು ಒಂದೇ ಕಡೆ ಅಂಟಿಸಿಬಿಡುತ್ತದೆ. ಮುಂದಿನ ಸಲ ಕಲ್ಲನ್ನು ಒಮ್ಮೆ ನೋಡಿ, ಗಲ್ಲ ಎತ್ತಿ, ಇಳಿಜಾರಿನ ಕೊನೆಯಲ್ಲಿದ್ದ ಜಾಲಿ ಗಿಡದ ಕಡೆ ಕಣ್ಣಿಟ್ಟೆ. ಗಾಡಿ ಕಲ್ಲಿನ ಪಕ್ಕದಲ್ಲೇ ಸರಿದು ಹೋಯಿತು. ಯಾವಾಗ ದಾಟಿದೆ ಎಂಬುದೂ ಗೊತ್ತಾಗಲಿಲ್ಲ.

ಫರ್ಸಿಯ ಮೇಲೆ ಕೂತು ನೀರು ಕುಡಿಯುವಾಗ ಎಲ್ಲ ಅರ್ಥವಾಯಿತು. ನಲವತ್ತು ವರ್ಷದಿಂದ ನಾನು ಕಟ್ಟೆಯನ್ನೇ ನೋಡುತ್ತಾ ಬದುಕಿದ್ದೆ. ಕೊನೆಗೆ ಅದರ ಬುಡಕ್ಕೇ ಹೋಗಿ ಬಿದ್ದೆ.

ಹಾಗಾದರೆ ಅವಮಾನವನ್ನು ಮರೆತುಬಿಡಬೇಕೆ? ಮರೆಯಿರಿ, ಕ್ಷಮಿಸಿ ಎಂದು ನಮಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಅದನ್ನು ಹೇಳುತ್ತಿಲ್ಲ. ಕಲ್ಲು ಇಲ್ಲ ಎಂದುಕೊಂಡು ಓಡಿಸುವವನೂ ಬೀಳುತ್ತಾನೆ. ಇರುವುದನ್ನು ಇರುವಂತೆಯೇ ತಿಳಿಯುವುದು ಸತಿ. ತಿಳಿದ ಮೇಲೆ ಕಣ್ಣನ್ನು ದಾರಿಯ ಮೇಲೆ ಇಡುವುದೂ ಸತಿಯೇ.

ಬಾಬಾಸಾಹೇಬರನ್ನು ನೋಡಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಜನರನ್ನು ಕರೆದುಕೊಂಡು ಹೋದರು, ನೀರು ಕುಡಿದರು. ಆಮೇಲೆ ನಮ್ಮ ಜನರ ಮೇಲೆ ದಾಳಿಯಾಯಿತು. ತಿರುಗಿ ಹೊಡೆಯಲು ಸಿದ್ಧರಾಗಿದ್ದ ನಮ್ಮವರನ್ನು ಅವರು ತಡೆದರು. ಹೆದರಿ ಅಲ್ಲ. ಅವರ ಕಣ್ಣು ಬಡಿಗೆಗಳ ಮೇಲೆ ಇರಲಿಲ್ಲ, ನೀರಿನ ಹಕ್ಕಿನ ಮೇಲೆ ಇತ್ತು. ಆ ಕೆರೆಯ ಮೊಕದ್ದಮೆ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಕಡೆಗೆ ಆಗುವ ತನಕ ಆ ಕಣ್ಣು ಕದಲಲಿಲ್ಲ. 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದವರು 1956ರ ಅಕ್ಟೋಬರ್ 14ರಂದು ನಾಗ್ಪುರದಲ್ಲಿ ದೀಕ್ಷೆ ಪಡೆದರು. ನಡುವೆ 21 ವರ್ಷ. ಬಿಟ್ಟು ಬರುವುದನ್ನೇ ನೋಡುತ್ತಾ ಕೂರಲಿಲ್ಲ, ಹೋಗಬೇಕಾದ್ದನ್ನು ಹುಡುಕಿದರು.

ಇನ್ನೊಂದು ಮಾತು. ಮೊದಲ ದಿನ ಸಂಜೆ ನನ್ನ ಎರಡೂ ಕೈ ಸೆಟೆದು ನಿಂತಿದ್ದವು, ಊಟದ ತುತ್ತೂ ಎತ್ತಲಾಗಲಿಲ್ಲ. ಹ್ಯಾಂಡಲನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ. ಸಡಿಲ ನೆಲದಲ್ಲಿ ಮುಂದಿನ ಗಾಲಿ ಅಲುಗಾಡುವುದು ಸಹಜ. ಬಿಗಿ ಹಿಡಿದರೆ ಆ ಅಲುಗಾಟವೆಲ್ಲ ನಮ್ಮ ಮೈಗೆ ಬರುತ್ತದೆ. ಪೂರಾ ಬಿಟ್ಟರೆ ಗಾಡಿ ತನ್ನ ದಾರಿ ಹಿಡಿಯುತ್ತದೆ. ಆಗ ನನಗೆ ಸೋಣ ಭಿಕ್ಷುವಿನ ನೆನಪಾಯಿತು. ಪಾದದಿಂದ ರಕ್ತ ಬರುವ ತನಕ ನಡೆದು ಸಾಧನೆ ಮಾಡಿ, ಫಲ ಸಿಗಲಿಲ್ಲವೆಂದು ಸೋತು ಕೂತವನು. ಅವನು ಮೊದಲು ವೀಣೆ ನುಡಿಸುತ್ತಿದ್ದ ಎಂಬುದನ್ನು ಬಲ್ಲ ಭಗವಾನರು ತಂತಿಯ ಮಾತನ್ನೇ ಎತ್ತಿದರು. ಅತಿ ಬಿಗಿದರೂ ನಾದವಿಲ್ಲ, ಅತಿ ಸಡಿಲಿಸಿದರೂ ನಾದವಿಲ್ಲ ಎಂದು ಅವನಿಂದಲೇ ಹೇಳಿಸಿದರು. ನಮ್ಮ ಸಿಟ್ಟನ್ನೂ ಹಾಗೆಯೇ ಹಿಡಿಯಬೇಕು. ಅದು ನ್ಯಾಯವಾದ ಸಿಟ್ಟು, ಕೈಬಿಡಬೇಕಾಗಿಲ್ಲ. ಕೈ ಸೆಟೆಯುವಷ್ಟು ಬಿಗಿಯಲೂಬಾರದು.

ಆ ಇಬ್ಬರು ಹುಡುಗರು ಗಾಡಿ ಎತ್ತಿದರು ಎಂದ ಮಾತ್ರಕ್ಕೆ ಊರು ಸರಿಯಾಯಿತು ಎಂದಲ್ಲ. ನಮ್ಮ ಕೇರಿಯ ಹೆಣ ಇವತ್ತಿಗೂ ಪರರ ಹೊಲದ ಬದುವಿನ ಮೇಲೆ ಹೋಗಬೇಕು, ಸ್ಮಶಾನಕ್ಕೆ ದಾರಿಯಿಲ್ಲ. ಇಷ್ಟು ವರ್ಷ ಕಟ್ಟೆಯನ್ನು ದಿಟ್ಟಿಸಿದ ನಾನು ಈ ದಾರಿಗಾಗಿ ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ಗಣಿಯಿಂದ ಬಂದ ವಾರವೇ ಬರೆದೆ. ಕೇರಿಯವರೆಲ್ಲ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ನಾಲ್ಕು ಸಲ ಕಚೇರಿಗೆ ಹೋಗಿ ಬಂದಿದ್ದೇವೆ, ಐದನೆಯ ಸಲವೂ ಹೋಗುತ್ತೇವೆ.

ಕಳೆದ ತಿಂಗಳು ಅಪ್ಪ ತಾನೇ ಕೇಳಿದ: "ಸನ್ನತಿ ತೋರಸ್ತೀಯೇನೋ?" ಭೀಮಾ ನದಿಯ ದಂಡೆಯ ಸನ್ನತಿ ನಿಮಗೆಲ್ಲ ಗೊತ್ತು. 1986ರಲ್ಲಿ ಅಲ್ಲಿನ ಗುಡಿಯೊಂದರ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ತಿಳಿಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೊರೆದ ಶಿಲ್ಪ ಸಿಕ್ಕಿತು. ನಮ್ಮ ಕಾಲ ಕೆಳಗಿನ ಮಣ್ಣಿನಲ್ಲೇ ನಮ್ಮ ಧಮ್ಮ ಇತ್ತು.

ಒಣ ಹವೆಯ ಒಂದು ಬೆಳಗ್ಗೆ ಅಪ್ಪನ ತಲೆಗೆ ಹೆಲ್ಮೆಟ್ ಕಟ್ಟಿ, ಹಿಂದೆ ಕೂರಿಸಿಕೊಂಡು ಹೊರಟೆ. ಊರು ಬಿಡಬೇಕಾದರೆ ಆ ಓಣಿಯಲ್ಲೇ ಹೋಗಬೇಕು. ಕಟ್ಟೆ ಹತ್ತಿರ ಬಂದಾಗ ಅಪ್ಪನ ಕೈ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ರೇಸ್ ಕೊಡಲಿಲ್ಲ, ವೇಗ ತಗ್ಗಿಸಲೂ ಇಲ್ಲ. ಓಣಿಯ ಕೊನೆಯಲ್ಲಿ ಕಾಣುವ ಡಾಂಬರು ರಸ್ತೆಯ ಮೇಲೆ ಕಣ್ಣಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಹೆಗಲ ಮೇಲಿನ ಕೈ ಸಡಿಲವಾಯಿತು.

ಅಪ್ಪ ಇಳಿಯಲಿಲ್ಲ. ಕಟ್ಟೆಯ ಮೇಲೆ ಯಾರು ಕೂತಿದ್ದರೋ ನಾನು ನೋಡಲಿಲ್ಲ.

*ಇಂದಿನ ಅಭ್ಯಾಸ:* ನಿಮ್ಮ ಕಣ್ಣು ಪದೇ ಪದೇ ಹೋಗಿ ನಿಲ್ಲುವ ಒಂದು ಕಟ್ಟೆ ಯಾವುದು? ಐದು ನಿಮಿಷ ಉಸಿರಿನ ಜೊತೆ ಕೂತು ಅದನ್ನು ಒಮ್ಮೆ ಸರಿಯಾಗಿ ನೋಡಿ, ಹೆಸರಿಟ್ಟು ಗುರುತಿಸಿ. ಆಮೇಲೆ ನೀವು ಹೋಗಬೇಕಾದ ದಾರಿ ಯಾವುದು ಎಂದು ಕೇಳಿಕೊಳ್ಳಿ. ಆ ದಾರಿಯ ಒಂದು ಸಣ್ಣ ಕೆಲಸವನ್ನು ಇವತ್ತೇ ಮಾಡಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್ 💙