ರಸ್ತೆಯಲ್ಲಿ ಉಳಿದ ಕಲ್ಲುಗಳು

ಹೆಬ್ಬಾಳದಿಂದ ಯಲಹಂಕ ದಾಟಿ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲಾಗಲಿ, ಯಶವಂತಪುರದಿಂದ ನೆಲಮಂಗಲಕ್ಕೆ ಸಾಗುವ ತುಮಕೂರು ರಸ್ತೆಯಲ್ಲಾಗಲಿ ಈ ನೋಟವನ್ನು ನೀವು ಕಂಡಿರುತ್ತೀರಿ. ಕೆಟ್ಟು ನಿಂತ ಲಾರಿಯ ಚಕ್ರಗಳಿಗೆ ಅಡ್ಡವಾಗಿ ದಪ್ಪ ಕಲ್ಲುಗಳು. ಅದರ ಹಿಂದೆ ಸಾಲಾಗಿ ಇನ್ನಷ್ಟು ಕಲ್ಲುಗಳು. ಕೊನೆಯಲ್ಲಿ ಯಾವುದೋ ಮರದಿಂದ ಮುರಿದು ತಂದ ಹಸಿರು ಕೊಂಬೆ. ಎಚ್ಚರಿಕೆಯ ತ್ರಿಕೋನ ಫಲಕ ಇಲ್ಲದವನ ಉಪಾಯವಿದು, ಇದರಲ್ಲಿ ದೋಷ ಹುಡುಕಬೇಕಾಗಿಲ್ಲ. ಆದರೆ ಲಾರಿ ದುರಸ್ತಿಯಾಗಿ ಹೊರಟುಹೋದ ಮೇಲೂ ಕಲ್ಲುಗಳು ಅಲ್ಲಿಯೇ ಬಿದ್ದಿರುತ್ತವೆ. ಹಗಲಿನಲ್ಲಿ ಒಬ್ಬನನ್ನು ಕಾಪಾಡಿದ ಕಲ್ಲು ರಾತ್ರಿ ಸ್ಕೂಟರಿನಲ್ಲಿ ಬರುವ ಮತ್ತೊಬ್ಬನನ್ನು ಉರುಳಿಸಬಹುದು. ಹಾಗಾದರೆ ಆಪತ್ತಿಗೆ ಸಿದ್ಧರಾಗುವುದೆಂದರೆ ಯಾರಿಗಾಗಿ ಸಿದ್ಧರಾಗುವುದು?

ವಾಹನದ ಸಿದ್ಧತೆಯನ್ನು ನಾವು ಸಾಮಾನ್ಯವಾಗಿ ಸ್ವಂತ ಜಾಣತನದ ವಿಷಯವೆಂದು ಎಣಿಸುತ್ತೇವೆ. ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿದ್ದರೆ ಕಷ್ಟಪಡುವವನು ನಾನೇ ತಾನೇ, ಬೇರೆಯವರಿಗೇನು ಎಂಬ ವಾದ ಕೇಳಿಬರುತ್ತದೆ. ಕನ್ನಡಿಗೆ ಜಪಮಾಲೆ ತೂಗುಹಾಕಿದ್ದೇನೆ, ಉಳಿದದ್ದು ದೇವರಿಗೆ ಬಿಟ್ಟದ್ದು ಎನ್ನುವವರೂ ಇದ್ದಾರೆ. ಇವೆರಡೂ ಮಾತುಗಳು ಒಂದೇ ಸ್ಥಳದಲ್ಲಿ ಎಡವುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಚಾಲಕನು ಅಡ್ಡಿಯನ್ನು ಕಂಡು, ಅರಿತು, ಬ್ರೇಕ್ ಒತ್ತಿ ನಿಲ್ಲಿಸುವಷ್ಟರಲ್ಲಿ 50 ಮೀಟರಿಗೂ ಹೆಚ್ಚು ದೂರ ಕಳೆದಿರುತ್ತದೆ. ಅಂದಮೇಲೆ ನಮ್ಮ ಕಾರು ದೀಪವಿಲ್ಲದೆ ನಿಂತಾಗ ಮೊದಲು ಅಪಾಯಕ್ಕೆ ಸಿಲುಕುವವನು ಹಿಂದಿನಿಂದ ಬರುವ ಅಪರಿಚಿತ. ತ್ರಿಕೋನ ಫಲಕವನ್ನು ಕಾರಿಗೆ ತಾಗುವಂತೆ ನಿಲ್ಲಿಸಿದರೆ ಅವನಿಗೆ ಪ್ರಯೋಜನವಿಲ್ಲ. ನಾಲ್ಕೂ ಕಡೆಯ ಸೂಚಕ ದೀಪಗಳನ್ನು ಹೊತ್ತಿಸಿ, ಫಲಕವನ್ನು ಸಾಕಷ್ಟು ಹಿಂದಕ್ಕೆ ಒಯ್ದು ಇಡಬೇಕು. ಮನೆಯವರನ್ನೆಲ್ಲ ಕಾರಿನಿಂದ ಇಳಿಸಿ, ಸಾಧ್ಯವಿದ್ದಲ್ಲಿ ತಡೆಗೋಡೆಯ ಆಚೆಗೆ ನಿಲ್ಲಿಸಬೇಕು. ಹಿಂದೆ ಕೆಂಪು ಪ್ರತಿಫಲಕವೂ ಇಲ್ಲದೆ ರಾತ್ರಿ ಟ್ರೇಲರ್ ಎಳೆದು ಹೋಗುವ ಟ್ರ್ಯಾಕ್ಟರಿಗೂ, ಹಗ್ಗ ಕಟ್ಟಿ ಮತ್ತೊಂದು ಕಾರನ್ನು ಎಳೆದೊಯ್ಯುವ ಸ್ನೇಹಿತನಿಗೂ ಇದೇ ಹೊಣೆ ಅನ್ವಯಿಸುತ್ತದೆ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ನಡುರಾತ್ರಿಯ ಪ್ರಯಾಣವೆಂಬುದು ನಮ್ಮ ಕುಟುಂಬಗಳಿಗೆ ವಿಶೇಷವಾಗಿ ಉಳಿದಿಲ್ಲ. ಡಿಕ್ಕಿಯ ತುಂಬ ಸೂಟ್‌ಕೇಸುಗಳು, ಅವುಗಳ ಅಡಿಯಲ್ಲಿ ವರ್ಷಗಳಿಂದ ಯಾರೂ ಮುಟ್ಟಿ ನೋಡದ ಸ್ಟೆಪ್ನಿ! ಹೆಬ್ಬಾಳದಾಚೆಯ ಮೇಲ್ಸೇತುವೆಯ ಮೇಲೆ ಪಂಕ್ಚರ್ ಅಂಗಡಿ ಎಲ್ಲಿಂದ ಬರಬೇಕು? ಜಾಕ್, ಸ್ಪ್ಯಾನರ್, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ಬಾಟಲಿ ನೀರು: ಇವು ದೊಡ್ಡ ಖರ್ಚಿನ ವಸ್ತುಗಳಲ್ಲ. ಮನೆಯ ಹದಿಹರೆಯದ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಸೇರಿಸಿಯೇ, ಒಂದು ಭಾನುವಾರ ಮಧ್ಯಾಹ್ನ ಚಕ್ರ ಬದಲಿಸುವುದನ್ನು ಕಲಿಸಿದರೆ ಅದು ಒಳ್ಳೆಯ ವಿದ್ಯೆ.

ಶುಭಸಂದೇಶದಲ್ಲಿ ಎಣ್ಣೆಯ ಪ್ರಸ್ತಾಪ ಬರುವ ಎರಡು ಸಾಮತಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಹತ್ತು ಮಂದಿ ಕನ್ಯೆಯರಲ್ಲಿ ಜಾಣೆಯರು ತಮ್ಮ ಎಣ್ಣೆಯನ್ನು ಹಂಚಿಕೊಳ್ಳಲಿಲ್ಲ. ಜೆರಿಕೊವಿಗೆ ಇಳಿಯುವ ದಾರಿಯಲ್ಲಿ ಸಮಾರಿಯದವನು ತನ್ನ ಎಣ್ಣೆಯನ್ನು ಅಪರಿಚಿತನ ಗಾಯಕ್ಕೆ ಸುರಿದನು. ಅವನ ಕರುಣೆಯ ಬಗ್ಗೆ ಬೇಕಾದಷ್ಟು ಪ್ರಬೋಧನೆಗಳನ್ನು ಕೇಳಿದ್ದೇವೆ. ಅವನ ಗಂಟಿನಲ್ಲಿ ಎಣ್ಣೆಯೂ ದ್ರಾಕ್ಷಾರಸವೂ ಮೊದಲೇ ಇದ್ದವೆಂಬುದನ್ನು ಗಮನಿಸಿದವರು ಕಡಿಮೆ. ಬರಿಗೈಯಲ್ಲಿ ಹೊರಟಿದ್ದರೆ ಅವನ ಕರುಣೆ ಆ ಗಾಯವನ್ನು ಏನು ಮಾಡುತ್ತಿತ್ತು?

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ಎಂಬ ಯುವಕ ಲಾರಿಗೆ ಸಿಲುಕಿ ಮರಣಾಂತಿಕವಾಗಿ ಗಾಯಗೊಂಡನು. ಆ ಸ್ಥಿತಿಯಲ್ಲಿಯೂ ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡನು. ಅವನ ಕಣ್ಣುಗಳು ದಾನವಾದವು. ಆ ದೃಶ್ಯ ಮೊಬೈಲುಗಳಲ್ಲಿ ಚಿತ್ರಿತವಾಗಿ ನಾಡಿನಾದ್ಯಂತ ಹರಿದಾಡಿತು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ನೀಡುವ ಯೋಜನೆಗೆ ರಾಜ್ಯ ಸರ್ಕಾರ ಅದೇ ವರ್ಷ ಅವನ ಹೆಸರನ್ನಿಟ್ಟಿತು. ನೆರವಿಗೆ ಬಂದವನನ್ನು ಪೊಲೀಸರೂ ಆಸ್ಪತ್ರೆಗಳೂ ಕಾಡಬಾರದೆಂಬ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಕಲಮು ಸೇರಿತು. ಅದರಲ್ಲಿ ಅಂಥವನಿಗಿರುವ ಹೆಸರು ಆ ಸಮಾರಿಯದವನದೇ. ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂದು ಮುಖ ತಿರುಗಿಸಿ ಹೋಗುವುದಕ್ಕೆ ಈಗ ಆ ನೆಪ ಉಳಿದಿಲ್ಲ. ಗಾಯಾಳುವಿಗಾಗಿ 108 ಅಥವಾ 112ಕ್ಕೆ ಕರೆ ಮಾಡಲು ಎಲ್ಲರಿಗೂ ಸಾಧ್ಯ. ರಕ್ತ ಸುರಿಯುವ ಗಾಯವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಲು ಮಾತ್ರ ಕಾರಿನಲ್ಲಿ ಬಟ್ಟೆ ಇರಬೇಕು, ಕೈಗೆ ಅಭ್ಯಾಸವಿರಬೇಕು.

ಇನ್ನು ಆ ಕಲ್ಲುಗಳು. ನಾವೇ ಇಟ್ಟವಾದರೆ, ಚಕ್ರ ಬದಲಿಸಿದ ಕೂಡಲೇ ಎಣಿಸಿ ತೆಗೆದು ಅಂಚಿಗೆ ಹಾಕಬೇಕು. ಇನ್ನೊಬ್ಬರು ಬಿಟ್ಟುಹೋದವನ್ನು ತೆಗೆಯಲೆಂದು ಹೆದ್ದಾರಿಯ ನಡುವೆ ಇಳಿಯುವುದು ಮಾತ್ರ ದುಸ್ಸಾಹಸ. ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಸ್ಥಳದ ಗುರುತನ್ನು ತಿಳಿಸಲು ಎರಡು ನಿಮಿಷ ಸಾಕು.