ಕ್ಲಿಯರ್ ಒತ್ತಿದರೆ ಸರಿ ಹೋಯ್ತಾ?

ಶನಿವಾರ ರಾತ್ರಿ ಹನ್ನೊಂದು ಗಂಟೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕಾರೊಳಗೆ ಒಬ್ಬನೇ ಕೂತಿದ್ದೆ. ಬೆಳಗ್ಗೆ ಹತ್ತಕ್ಕೆ ಗಾಡಿ ಕೊಳ್ಳೋರು ಬರುವವರಿದ್ದರು. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಫೋನಿನಲ್ಲಿ ಬಂದ ಕೋಡ್ ನೋಡಿ, ‘ಕ್ಲಿಯರ್’ ಒತ್ತಿದೆ. ಡ್ಯಾಶ್‌ಬೋರ್ಡಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರಿತು. ಲಿಫ್ಟ್ ಹತ್ತಿ ಮನೆಗೆ ಬಂದು ಮಲಗಿದೆ. ನಿದ್ದೆ ಬರಲಿಲ್ಲ.

ನಾನು ಸುಳ್ಳೇನೂ ಹೇಳಿರಲಿಲ್ಲ. ಒಂದು ದೀಪ ಆರಿಸಿದ್ದೆ, ಅಷ್ಟೇ.

ಕಾಯಿಲೆ ಶುರುವಾಗಿದ್ದು ಮಳೆಗಾಲದಲ್ಲಿ, ಊರಿಗೆ ಹೋಗುವಾಗ. ಗೌರಿಬಿದನೂರಿನಿಂದ ನಮ್ಮೂರಿಗೆ ತಿರುಗುವ ಹಳ್ಳ-ದಿಣ್ಣೆ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಎಬಿಎಸ್ ದೀಪ, ಸ್ಟೇರಿಂಗ್ ದೀಪ, ಎಂಜಿನ್ ದೀಪ ಮೂರೂ ಹತ್ತಿಕೊಂಡವು. ಕಾರು ಓಡ್ತಾನೇ ಇದೆ, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿದ್ದಿದೆ. ನಿಲ್ಲಿಸಿ, ಕೀ ತೆಗೆದು ಮತ್ತೆ ಹಾಕಿದೆ. ಎಲ್ಲ ಸರಿ. ಎಂಜಿನ್ ದೀಪ ಮಾತ್ರ ಉಳಿದುಕೊಂಡಿತು. ನಮ್ಮ ವೃತ್ತಿಧರ್ಮವೇ ಅದಲ್ವಾ, ರೀಸ್ಟಾರ್ಟ್ ಮಾಡು, ಮರೆತುಬಿಡು. ಮುಂದಿನ ಮಳೆಗೆ ಮತ್ತೆ ಅದೇ ಆಯ್ತು.

ಈಗಿನ ಸಣ್ಣ ಕಾರಲ್ಲೂ ಕಂಪ್ಯೂಟರ್ ಒಂದಲ್ಲ, ಹಲವು. ಎಂಜಿನ್‌ಗೊಂದು, ಬ್ರೇಕಿನ ಎಬಿಎಸ್‌ಗೊಂದು, ಸ್ಟೇರಿಂಗ್‌ಗೊಂದು, ಮೀಟರ್ ಬೋರ್ಡಿಗೊಂದು. ಇವೆಲ್ಲ ಹೆಣೆದುಕೊಂಡ ಎರಡು ತಂತಿಗಳ ಮೇಲೆ ಮಾತಾಡ್ತವೆ. ಬಾಷ್ ಕಂಪನಿ 1983ರಲ್ಲಿ ಕೆಲಸ ಶುರುಮಾಡಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಲೋಕಕ್ಕೆ ತೋರಿಸಿದ ಈ ಏರ್ಪಾಡಿಗೆ ಕ್ಯಾನ್ ಬಸ್ ಅಂತ ಹೆಸರು. ಊರಿನ ಅರಳೀಕಟ್ಟೆ ಇದ್ದ ಹಾಗೆ. ಒಬ್ಬ ಆಡಿದ್ದು ಎಲ್ಲರ ಕಿವಿಗೂ ಬೀಳುತ್ತೆ, ಬೇಕಾದವರು ತಗೋತಾರೆ. ನನ್ನ ಕಾರಲ್ಲಿ ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಕಟ್ಟೆಗೆ ಹೇಳೋದು ಎಬಿಎಸ್. ಅದು ಬಾಯಿ ಮುಚ್ಚಿದರೆ ಸ್ಪೀಡೋಮೀಟರ್‌ಗೂ ಗೊತ್ತಾಗಲ್ಲ, ಸ್ಟೇರಿಂಗ್‌ಗೂ ಗೊತ್ತಾಗಲ್ಲ.

ಎಂಜಿನ್ ಕಂಪ್ಯೂಟರ್‌ನಲ್ಲಿ ಸಿಕ್ಕ ಕೋಡ್ ಯು0121. ‘ಎಬಿಎಸ್ ಜೊತೆ ಸಂಪರ್ಕ ತಪ್ಪಿದೆ’ ಅಂತ ಅರ್ಥ. ಗಮನಿಸಿ, ಇದು ಎಬಿಎಸ್ ಕೊಟ್ಟ ದೂರಲ್ಲ, ಎಬಿಎಸ್ ಬಗ್ಗೆ ಎಂಜಿನ್ ಕೊಟ್ಟ ದೂರು. ಯಾರು ಕಿವಿಗೆ ಸಿಗಲಿಲ್ಲ ಅಂತ ಗೊತ್ತಾಗುತ್ತೆಯೇ ಹೊರತು ಯಾಕೆ ಸಿಗಲಿಲ್ಲ ಅಂತ ಕೋಡ್ ಹೇಳಲ್ಲ. ಸರ್ವೀಸ್ ಸೆಂಟರಿನವರು ಅಲ್ಲೇ ತೀರ್ಪು ಕೊಟ್ಟರು: ಎಬಿಎಸ್ ಯೂನಿಟ್ ಹೋಗಿದೆ, ಬದಲಾಯಿಸಿ, ನಲವತ್ತೈದು ಸಾವಿರ. ಆವತ್ತೇ ಕಾರು ಮಾರೋ ನಿರ್ಧಾರ ಮಾಡಿದೆ.

ನಿದ್ದೆ ಬಾರದ ಆ ರಾತ್ರಿ ನನ್ನ ಪರವಾಗಿ ನಾನೇ ವಾದ ಮಾಡಿದೆ. ಹಳೇ ಗಾಡಿ, ಇದ್ದ ಹಾಗೆ ಮಾರಾಟ. ಬೆಲೆ ಕಮ್ಮಿ ಇಟ್ಟಿದ್ದೇನೆ. ಮೆಕ್ಯಾನಿಕ್ ಕರ್ಕೊಂಡು ಬರಬೇಡಿ ಅಂತ ನಾನೇನೂ ಅಂದಿಲ್ಲ. ಯಾವ ವಾದವೂ ನಿಲ್ಲಲಿಲ್ಲ, ಯಾಕಂದ್ರೆ ಅದನ್ನೆಲ್ಲ ನಂಬಿದ್ದರೆ ನಾನು ಬೇಸ್‌ಮೆಂಟಿಗೆ ಹೋಗುವ ಅಗತ್ಯವೇ ಇರಲಿಲ್ಲ. ಸುಮ್ಮನಿರೋದು ಬೇರೆ, ಇನ್ನೊಬ್ಬರಿಗೆ ಕೇಳಬೇಕಾದ ದನಿಯನ್ನ ಅಡಗಿಸೋದು ಬೇರೆ. ಆ ದೀಪ ನನ್ನ ಆಸ್ತಿ ಅಲ್ಲ. ಯಾರು ಡ್ರೈವರ್ ಸೀಟಲ್ಲಿ ಕೂರ್ತಾರೋ ಅವರದ್ದು. ಎಬಿಎಸ್ ಕೈಕೊಟ್ಟರೂ ಸಾಮಾನ್ಯ ಬ್ರೇಕ್ ಹಿಡಿಯುತ್ತೆ, ನಿಜ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳೋರು ಇರಲ್ಲ. ನನಗೆ ಕೈಕೊಟ್ಟಿದ್ದೂ ಮಳೆಯಲ್ಲೇ.

ಕ್ಯಾನ್ ಬಸ್ಸಿನ ಒಂದು ನಿಯಮ ಆಗ ನೆನಪಾಯ್ತು. ಅಲ್ಲಿ ಪ್ರತಿ ಕಂಪ್ಯೂಟರೂ ತನ್ನ ತಪ್ಪಿನ ಲೆಕ್ಕ ತಾನೇ ಇಟ್ಟುಕೊಳ್ಳಬೇಕು. ಕಳಿಸಿದ ಸಂದೇಶ ಕೆಟ್ಟರೆ ಎಂಟು ಕೂಡು, ಸರಿಯಾಗಿ ಹೋದರೆ ಒಂದೇ ಕಳೆ. ಲೆಕ್ಕ 255 ದಾಟಿತೋ, ತಾನಾಗಿಯೇ ಬಸ್ಸಿನಿಂದ ಹೊರಗೆ ಹೋಗಬೇಕು. ಒಂದು ತಪ್ಪು ತೊಳೆಯೋಕೆ ಎಂಟು ಸರಿ ಕೆಲಸ! ತಂತಿಗೆ ಈ ಶಿಸ್ತು ಬರೆದ ಎಂಜಿನಿಯರ್‌ಗಳ ಜಾತಿಯವನೇ ನಾನು. ಆದರೆ ನನ್ನ ಲೆಕ್ಕದ ಕೆಳಗೆ ಮಾತ್ರ ಒಂದು ಕ್ಲಿಯರ್ ಬಟನ್.

ತಾತ ನೆನಪಾದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಒಂದು ಜೊತೆ ಎತ್ತು ಹೊಡ್ಕೊಂಡು ಹೋಗಿದ್ದರಂತೆ. ಅದರಲ್ಲೊಂದಕ್ಕೆ ಮಧ್ಯಾಹ್ನದ ಬಿಸಿಲೇರಿದರೆ ನೊಗದಲ್ಲೇ ಮಲಗುವ ಚಾಳಿ. ಬೆಳಗಿನ ತಂಪಲ್ಲಿ ನೋಡಿದವರಿಗೆ ಗೊತ್ತಾಗಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ದಲ್ಲಾಳಿ ರೇಟು ಕುದುರಿಸಿದ ಮೇಲೆ ತಾತ ಬಾಯಿಬಿಟ್ಟು ಹೇಳಿಬಿಟ್ಟರು. ರೇಟು ಇಳೀತು, ದಲ್ಲಾಳಿ ಬೈದ, ಅಜ್ಜಿ ವರ್ಷಗಟ್ಟಲೆ ಬೈದರು. ಯಾಕೆ ಹೇಳಿದ್ರಿ ಅಂತ ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಧರ್ಮ-ಕರ್ಮ ಅಂತ ಏನೂ ಅನ್ನಲಿಲ್ಲ. “ಹೊಲದ ಮಧ್ಯೆ ಮಲಗಿದ್ರೆ ಅವನು ನನ್ನ ಹೊಡೀತಾನೇನಲಾ? ಎತ್ತಿಗೆ ಹೊಡೀತಾನೆ” ಅಂದರು.

ಭಾನುವಾರ ಬಂದವರು ಅಪ್ಪ, ಮಗ. ಮಗನಿಗೆ ಮೊದಲ ಕೆಲಸ, ಮೊದಲ ಕಾರು. ಅಪ್ಪ ಹುಳಿಯಾರು ಕಡೆಯವರು, ಪಂಚೆ ಎತ್ತಿ ಕಟ್ಟಿ ಗಾಡಿ ಸುತ್ತ ಎರಡು ಸುತ್ತು ಹಾಕಿದರು. ಕೀ ತಿರುಗಿಸೋಕೆ ಹೇಳಿದರು. ದೀಪಗಳೆಲ್ಲ ಒಮ್ಮೆ ಹತ್ತಿ, ಎಂಜಿನ್ ಶುರುವಾದ ಮೇಲೆ ಒಂದೊಂದಾಗಿ ಆರಿದವು. “ಎಲ್ಲಾ ಆರೋಯ್ತು, ಏನೂ ಇಲ್ಲ ಬಿಡು” ಅಂತ ಮಗನಿಗೆ ಹೇಳಿದರು. ಅವರ ನಂಬಿಕೆ ನಿಂತಿದ್ದು ನಾನು ರಾತ್ರಿ ಮಾಡಿದ ಕೆಲಸದ ಮೇಲೆ.

ಹೇಳಿದೆ. ಕೋಡ್, ಮಳೆ, ನಲವತ್ತೈದು ಸಾವಿರ, ಕ್ಲಿಯರ್ ಬಟನ್, ಎಲ್ಲ. ಭೇಷ್ ಅಂತ ಬೆನ್ನು ತಟ್ಟುತ್ತಾರೆ ಅಂದ್ಕೊಂಡ್ರಾ? “ಇದನ್ನ ಫೋನಲ್ಲೇ ಹೇಳಬೋದಿತ್ತಲ್ಲ ಸ್ವಾಮಿ, ಬಸ್‌ಚಾರ್ಜ್ ಉಳೀತಿತ್ತು” ಅಂದು ಹೊರಟೇಹೋದರು.

ಮಾರನೇ ವಾರ ನಮ್ಮ ಏರಿಯಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಆತ ಬ್ಯಾಟರಿ ಬಿಚ್ಚಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಮೀಟರ್ ಹಿಡಿದ. 60 ಓಮ್. ಎರಡು ತುದಿಗೂ 120 ಓಮ್ ಇದ್ದರೆ ಬರಬೇಕಾದ್ದೇ ಅಷ್ಟು. “ಲೈನ್ ಸರಿ ಐತೆ ಸಾರ್, ಕರೆಂಟ್ ನೋಡಣ.” ಬ್ಯಾಟರಿ ಮತ್ತೆ ಕೂಡಿಸಿ ಎಬಿಎಸ್ ಕನೆಕ್ಟರ್ ಬಿಚ್ಚಿದ. ಅಲ್ಲಿ ಮೀಟರ್ ಹನ್ನೆರಡು ವೋಲ್ಟ್ ತೋರಿಸಿತು. ಆತ ಅದನ್ನ ನಂಬಲಿಲ್ಲ. ಅದೇ ಜಾಗಕ್ಕೆ ಹೆಡ್‌ಲೈಟ್ ಬಲ್ಬ್ ಕೊಟ್ಟು ನೋಡಿದ, ಮಂಕಾಗಿ ಉರಿಯಿತು. ಭಾರ ಇಲ್ಲದಾಗ ಸರಿ, ಭಾರ ಬಿದ್ದಾಗ ಇಲ್ಲ. ತಾತನ ಎತ್ತೇ! ಅರ್ಥ್ ತಂತಿ ಬಿಗಿದ ಬೋಲ್ಟ್ ಮಳೆನೀರಿಗೆ ತುಕ್ಕು ಹಿಡಿದಿತ್ತು. ಉಜ್ಜಿ, ಬಿಗಿದು, ಗ್ರೀಸ್ ಹಚ್ಚಿ ಆರುನೂರು ರೂಪಾಯಿ ತಗೊಂಡ. ಎಬಿಎಸ್ ಯೂನಿಟ್ ತಪ್ಪು ಏನೂ ಇರಲಿಲ್ಲ.

ಆ ಅಪ್ಪ-ಮಗನಿಗೆ ಫೋನ್ ಮಾಡಿದೆ. ಬೇರೆ ಗಾಡಿ ತಗೊಂಡಾಗಿತ್ತು. ಕಾರು ಈಗಲೂ ನನ್ನ ಹತ್ತಿರವೇ ಇದೆ, ಎರಡು ಮಳೆಗಾಲ ಕಳೀತು, ದೀಪ ಹತ್ತಿಲ್ಲ.

ಇದನ್ನ ಪ್ರಾಮಾಣಿಕತೆಯ ಕಥೆ ಅಂತ ಹೇಳಿಕೊಂಡು ತಿರುಗಬಹುದಿತ್ತು. ಆದರೆ ಒಂದು ವಿಷಯ ಇನ್ನೂ ಕ್ಲಿಯರ್ ಆಗಿಲ್ಲ. ಆವತ್ತು ಪಂಚೆ ಉಟ್ಟ ಆ ಅಪ್ಪನ ಬದಲು ಹಳೇ ಕಾರಿನ ಡೀಲರ್ ಬಂದಿದ್ದರೆ? ಅವನಿಗೇನು, ಅವನೂ ನಾಲ್ಕು ಗಾಡಿಗೆ ಇದೇ ಬಟನ್ ಒತ್ತಿರ್ತಾನೆ ಅಂದುಕೊಂಡು ಬಹುಶಃ ಸುಮ್ಮನಿರುತ್ತಿದ್ದೆ. ಡೀಲರ್ ಆ ಕಾರನ್ನ ತಾನು ಓಡಿಸೋಕೆ ಇಟ್ಟುಕೊಳ್ಳುತ್ತಿರಲಿಲ್ಲ ಅನ್ನೋದು ಗೊತ್ತಿದ್ದೂ.