ಮೇಲಿನ ಹೊಲದ ನೀರು

ಎರಡು ಹೊಲ, ನಡುವೆ ಒಂದು ಬದು. ಊರು ನಿಡಸೋಸಿ ಅಂದುಕೊಳ್ಳೋಣ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಯಾವ ಎರಿಭೂಮಿಯಾದರೂ ನಡೆದೀತು. ಮೇಲಿನ ಹೊಲದಾಕೆ ಏರುಮಡಿ ಕಟ್ಟಿ ಬದನಿ, ಮೆಣಸಿನ ಗಿಡ ಹಚ್ಚಿದ್ದಳು. ಶ್ರಾವಣದ ಜಿಟಿಜಿಟಿ ಮಳೆಗೆ ಎಲೆ ಹಳದಿಗಟ್ಟಿದವು. ಗೊಬ್ಬರ ಸಾಲಲಿಲ್ಲವೆಂದು ಯೂರಿಯಾ ಹಾಕಿದಳು. ಗಿಡ ಇನ್ನಷ್ಟು ಜೋತುಬಿದ್ದವು. ಒಂದನ್ನು ಕಿತ್ತು ನೋಡಿದರೆ ಬೇರು ಕಂದುಗಟ್ಟಿ ಲೋಳೆಯಾಗಿದೆ, ಮಣ್ಣಿಗೆ ಕೊಳೆತ ತತ್ತಿಯ ನಾತ. ಗಿಡಕ್ಕೆ ಹಸಿವಾಗಿರಲಿಲ್ಲ, ಉಸಿರು ಕಟ್ಟಿತ್ತು. ಎರಿಮಣ್ಣು ನೀರುಂಡು ಉಬ್ಬಿದರೆ ಸಂದುಗಳು ಮುಚ್ಚಿ ಬೇರಿಗೆ ಗಾಳಿ ಸಿಗುವುದಿಲ್ಲ. ತಳದ ನೀರಿಗೆ ಹೊರದಾರಿ ಇಲ್ಲದಿದ್ದರೆ ಮಡಿ ಎಷ್ಟು ಏರಿಸಿದರೂ ಅಷ್ಟೇ.

ಮಳೆ ಹೊರಪು ಕೊಟ್ಟು ಮಣ್ಣು ಆರುವವರೆಗೆ ಕಾದಳು. ಹಸಿ ಎರಿ ತುಳಿದರೆ ಇಟ್ಟಂಗಿಯಾಗುತ್ತದೆಂದು ಅವಳಿಗೆ ಗೊತ್ತು. ತಿಪ್ಪೆಗೊಬ್ಬರ ಕೂಡಿಸಿ, ಮಡಿಯ ಸುತ್ತ ಬಸಿಗಾಲುವೆ ತೋಡಿದಳು. ಹೊಸದಾಗಿ ಹಚ್ಚಿದ ಸಸಿ ಹಿಡಿದವು. ಬಸಿದ ನೀರೆಲ್ಲ ಬದು ಕೊರೆದು ಕೆಳಗಿನವನ ಮೆಂತ್ಯೆಯಲ್ಲಿ ನಿಂತಿತು.

“ಏನವ್ವಾ, ನಿನ್ನ ಮಡಿ ಉಳಸಾಕ ನನ್ನ ಹೊಲಾ ಮುಳಗಿಸ್ತೀಯೇನ?”

“ಕಾಕಾ, ನೀರು ಇಳಕಲಿಗೇ ಹೋಗ್ತಾವು. ನಾ ಏನ್ ಮಾಡ್ಲಿ?”

ಅವಳ ಮಾತಿಗೆ ಕಾನೂನಿನ ಬೆಂಬಲವೂ ಅರ್ಧ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನ ಪ್ರಕಾರ, ಮೇಲಿನ ಹೊಲದಲ್ಲಿ ಬಿದ್ದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವನು ತಡೆಯುವಂತಿಲ್ಲ. ಆ ‘ಸಹಜವಾಗಿ’ಯಲ್ಲೇ ತಕರಾರಿದೆ. ಹರಡಿ ಇಳಿಯುವ ಮಳೆನೀರಿಗೆ ಯಾರೂ ಹೊಣೆಯಲ್ಲ. ಕಾಲುವೆ ತೋಡಿ, ಕೂಡಿಸಿ, ಒಂದೇ ಬಾಯಿಂದ ಬಿಟ್ಟದ್ದು ಅವಳ ಗುದ್ದಲಿಯ ನೀರು. ಅದು ಎಲ್ಲಿಗೆ ಹೋಗುತ್ತದೆಂದು ಮೊದಲೇ ನೋಡಬೇಕಾದವಳು ಅವಳೇ.

ಇದು ಒಂದು ಬದುವಿನ ಜಗಳ ಮಾತ್ರವಲ್ಲ. ಘಟಪ್ರಭೆಗೆ ಹಿಡಕಲ್ ಅಣೆಕಟ್ಟಾಗಿ, ಕಾಲುವೆ ಹಾದಲ್ಲೆಲ್ಲ ಕಬ್ಬು ಬಂತು. ಮೇಲಿನವರು ಕಬ್ಬಿಗೆ ಹೊತ್ತುಗೊತ್ತಿಲ್ಲದೆ ನೀರು ಬಿಟ್ಟರೆ ತಗ್ಗಿನವರ ಭೂಮಿಯಲ್ಲಿ ಉಪ್ಪೇಳುತ್ತದೆ. ಸವಳು-ಜವಳಾದ ಹೊಲದವನು ಯಾರ ಮೇಲೆ ದಾವೆ ಹಾಕಬೇಕು? ನೂರು ಕೈಗಳಿಂದ ಬಂದ ನೀರಿಗೆ ಹೆಸರಿಲ್ಲ. ಮೆಂತ್ಯೆಯಲ್ಲಿ ನಿಂತದ್ದಕ್ಕೆ ಹೆಸರಿದೆ, ಅದಕ್ಕೇ ಕಾಕಾನ ಬಾಯಿ ಇಷ್ಟು ಜೋರು.

ಕಾಕಾನೂ ಪೂರಾ ಸಾಚಾ ಅಲ್ಲ, ಬಿಡಿ. ಬದುವಿನ ಗುಂಟ ಹಳೆಯ ಹರಿವೊಂದಿತ್ತು. ಕಬ್ಬಿನ ಎರಡು ಸಾಲು ಹೆಚ್ಚು ಸಿಗಲೆಂದು ಅದನ್ನು ಉತ್ತು ಸಮ ಮಾಡಿದವನು ಅವನೇ. ನನ್ನನ್ನು ಪಂಚಾಯಿತಿಗೆ ಕೂಡಿಸಿದರೆ ಮೊದಲು ಆ ಎರಡು ಸಾಲು ಕೀಳಿಸುತ್ತೇನೆ. ಹರಿವು ಮತ್ತೆ ತೋಡುವ ಕೂಲಿ ಇಬ್ಬರದೂ, ಅವಳದು ಒಂದು ಪಾಲು ಹೆಚ್ಚು. ಮೆಂತ್ಯೆಯ ಲುಕ್ಸಾನು ಮಾತ್ರ ಪೂರ್ತಿ ಅವಳದೇ.